ಥೈರಾಯಿಡ್ ರೋಗವೂ ಶರೀರದ ತೂಕವೂ

ಕಳೆದ ಸಾರಿ ಪೂರ್ವ ವಿದ್ಯಾರ್ಥಿನಿಯರ ಕೂಟವು ನಮ್ಮ ಶಾಲೆಯ ಅಂಗಣದಲ್ಲಿ ಸೇರಿದಾಗ ಹಾಲಾಡಿಯಿಂದ ನಾವೂ ಹೋಗಿದ್ದೆವು. ಅನೇಕ ವರ್ಷಗಳ ತರುವಾಯ ಕಂಡ ಮುಖಗಳಾದದರಿಂದ ಒಬ್ಬರನ್ನೊಬ್ಬರು ಗುರುತಿಸುವದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ನಮ್ಮ ಕಿವಿಗೆ ಬಿದ್ದ ಮೊದಲನೆಯ ಮಾತು ಕುಶಲ ಪ್ರಶ್ನೆಯಾಗಿರಲಿಲ್ಲ. "ಎಂಥ ಹೆಣೆ, ಈ ನಮನಿ ದಪ್ಪ ಆಯ್ದೆ?" ಎಂಬದೇ ಆ ಮಾತು. ಹೇಳಿದವಳು ಪ್ರೀತಿಯಿಂದಲೇ ಹೇಳಿದಳು, ನಾವೂ ನಕ್ಕೆವು. ಆದರೆ ಸಾಯಂಕಾಲ ಊರಿಗೆ ಮರಳುವ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತ ಸಹಪಾಠಿಯೊಬ್ಬಳು ತಗ್ಗಿದ ಸ್ವರದಲ್ಲಿ, "ಈ ಒಂದು ಮಾತಿಗೆ ಅಂಜಿಯೇ ಹಿಂದಿನ ಎರಡು ಕೂಟಗಳಿಗೆ ನಾನು ಬರಲಿಲ್ಲ" ಎಂದಳು. ಸ್ಮರಣ ಸಂಚಿಕೆಗಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕವರ್ಗದವರು ಕೇಳಿಕೊಂಡಾಗ ನಮಗೆ ನೆನಪಾದದ್ದು ಆ ತಗ್ಗಿದ ಸ್ವರವೇ. ಆದಕಾರಣ ಹಳೆಯ ದಿನಗಳ ವರ್ಣನೆಯನ್ನು ಬಲ್ಲವರಿಗೆ ಬಿಟ್ಟು, ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಲು ಮನಸ್ಸು ಮಾಡಿದ್ದೇವೆ.

ನಾವು ವೈದ್ಯರಲ್ಲ, ಈ ರೋಗವನ್ನು ಹೊತ್ತು ನಡೆದವರು. ನಲ್ವತ್ತು ದಾಟಿದ ಪ್ರಾಯದಲ್ಲಿ ನಮಗೆ ಬೇಸಗೆಯಲ್ಲಿಯೂ ಚಳಿಯಾಗತೊಡಗಿತು. ಕೂದಲು ಉದುರಿತು, ಚರ್ಮ ಒಣಗಿತು, ಮಲಬದ್ಧತೆ ಉಂಟಾಯಿತು. ಬೆಳಿಗ್ಗೆ ಎದ್ದರೆ ಮುಖ ಊದಿಕೊಂಡಿರುತ್ತಿತ್ತು. ಶಾಲೆಯ ಗಾಯನವೃಂದದಲ್ಲಿ ಹಾಡಿದ ಕಂಠವು ಒಡಕು ಮಡಿಕೆಯಂತೆ ಆಯಿತು. ತೂಕವು ಏರಿತು. ಮನೆಯವರು "ಪ್ರಾಯವಾಯಿತು" ಎಂದರು. ನೆರೆಯವರು "ಕೂತು ಉಂಡರೆ ಹೀಗೆಯೇ" ಎಂದರು. ಒಂದೆಡೆಯಲ್ಲಿ ರಕ್ತಹೀನತೆಯ ಔಷಧವನ್ನು ಕೊಟ್ಟು ಕಳುಹಿಸಿದರು. ಕುತ್ತಿಗೆಯಲ್ಲಿರುವ ಒಂದು ಸಣ್ಣ ಗ್ರಂಥಿಯ ಹೆಸರನ್ನು ಯಾರಾದರೂ ಎತ್ತುವಷ್ಟರಲ್ಲಿ ಒಂದೂವರೆ ವರುಷ ಕಳೆದಿತ್ತು. ಅಷ್ಟು ಕಾಲ ನಾವು ನಮ್ಮನ್ನೇ ಸೋಮಾರಿಯೆಂದು ಬೈದುಕೊಂಡೆವು. ಆ ಬೈಗಳವು ಸುಳ್ಳಾಗಿತ್ತೆಂಬದನ್ನು ಒಂದು ರಕ್ತಪರೀಕ್ಷೆಯು ತೋರಿಸಿಕೊಟ್ಟಿತು.

ಆ ಗ್ರಂಥಿಯ ಕೆಲಸವನ್ನು ಸಂಕ್ಷೇಪವಾಗಿ ಹೇಳುವದು ಅವಶ್ಯ. ಥೈರಾಯಿಡ್ ಗ್ರಂಥಿಯು ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಆತುಕೊಂಡು, ರೆಕ್ಕೆ ಬಿಚ್ಚಿದ ಪಾತರಗಿತ್ತಿಯ ಆಕಾರದಲ್ಲಿರುವದು. ಅದರ ಭಾರವು 20 ಗ್ರಾಮಿನ ಆಸುಪಾಸು ಮಾತ್ರ. ನಾವು ತಿನ್ನುವ ಆಹಾರದಲ್ಲಿರುವ ಅಯೋಡಿನನ್ನು ಹೀರಿಕೊಂಡು ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಶರೀರದ ಪ್ರತಿಯೊಂದು ಅಂಗವೂ ಎಷ್ಟು ವೇಗದಿಂದ ಕೆಲಸ ಮಾಡಬೇಕು, ಎಷ್ಟು ಶಾಖವನ್ನು ಹುಟ್ಟಿಸಬೇಕು ಎಂಬದು ಈ ಹಾರ್ಮೋನಿನ ಅಪ್ಪಣೆಯಂತೆ ನಡೆಯುವದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಇದರ ಮೇಲ್ವಿಚಾರಕ. ಥೈರಾಕ್ಸಿನ್ ಕಡಿಮೆಯಾದರೆ ಅದು ಟಿ.ಎಸ್.ಎಚ್. ಎಂಬ ಪ್ರೇರಕ ರಸವನ್ನು ಹೆಚ್ಚಾಗಿ ಕಳುಹಿಸುವದು. ಆದದರಿಂದಲೇ ರಕ್ತದಲ್ಲಿ ಟಿ.ಎಸ್.ಎಚ್. ಏರಿದೆಯೆಂದರೆ ಸಾಧಾರಣವಾಗಿ ಥೈರಾಯಿಡ್ ಗ್ರಂಥಿಯು ಹಿಂದೆ ಬಿದ್ದಿದೆಯೆಂದು ಅರ್ಥ.

ಈ ಜ್ಞಾನವು ನಮಗೆ ದೊರೆತ ಚರಿತ್ರೆಗೂ ನಮ್ಮ ಕರಾವಳಿಗೂ ಒಂದು ದೂರದ ಸಂಬಂಧವುಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಸ್ವಿಟ್ಜರ್ಲೆಂಡ್ ದೇಶವು ಆ ಕಾಲದಲ್ಲಿ ಗಳಗಂಡ ರೋಗಕ್ಕೆ ಹೆಸರಾಗಿತ್ತು. ಯಾಕಂದರೆ ಆ ಬೆಟ್ಟದ ನಾಡಿನ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಅಯೋಡಿನ್ ಬಹಳ ಕಡಿಮೆ. ಬೆರ್ನ್ ಪಟ್ಟಣದ ಶಸ್ತ್ರವೈದ್ಯ ಥಿಯೋಡೋರ್ ಕೋಖರ್ ಎಂಬವರು ಇಂಥ ರೋಗಿಗಳ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೆ ಅವರು ಊದಿಕೊಂಡು, ಮಂಕಾಗಿ, ಜಡರಾಗುವದನ್ನು ಕಂಡು 1883ರಲ್ಲಿ ಅದನ್ನು ಪ್ರಾಂಜಲವಾಗಿ ಪ್ರಕಟಿಸಿದರು. ತಮ್ಮ ಕೈಯಿಂದಾದ ಹಾನಿಯನ್ನು ಮುಚ್ಚಿಡದೆ ಹೇಳಿದ್ದರಿಂದ ಲೋಕಕ್ಕೆ ಈ ಗ್ರಂಥಿಯ ಮಹತ್ವ ತಿಳಿಯಿತು. 1909ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ದೊರೆಯಿತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರಿ ಎಂಬ ವೈದ್ಯರು ಈ ಗ್ರಂಥಿ ಬತ್ತಿಹೋಗಿದ್ದ ಒಬ್ಬ ಸ್ತ್ರೀಗೆ ಕುರಿಯ ಥೈರಾಯಿಡಿನ ಸಾರವನ್ನು ಚುಚ್ಚಿ ಕೊಟ್ಟರು. ಆಕೆಯು ಮುಂದೆ 28 ವರ್ಷ ಬದುಕಿದಳು. 1914ರ ಕ್ರಿಸ್ಮಸ್ ದಿನದಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲರು ಥೈರಾಕ್ಸಿನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಇಂದು ನಾವು ಬೆಳಿಗ್ಗೆ ನುಂಗುವ ಪುಟ್ಟ ಗುಳಿಗೆಯು ಅದೇ ವಸ್ತುವಿನ ಕೃತಕ ರೂಪ. ಅದು ಪರಕೀಯ ವಿಷವಲ್ಲ. ನಮ್ಮ ಗ್ರಂಥಿಯು ಕೊಡಲಾರದೆ ಹೋದ ರಸವನ್ನೇ ಹೊರಗಿನಿಂದ ತುಂಬಿಸುವದು.

ನಮ್ಮ ದೇಶದಲ್ಲಿಯೂ ಹಿಮಾಲಯದ ಸೆರಗಿನ ಜನರಿಗೆ ಗಳಗಂಡವು ಬಹುಕಾಲದ ಪೀಡೆಯಾಗಿತ್ತು. ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ 1956ರಿಂದ ಮಾಡಿದ ಪ್ರಯೋಗವು, ಉಪ್ಪಿನಲ್ಲಿ ಅಯೋಡಿನ್ ಬೆರಸಿದರೆ ರೋಗವು ತಗ್ಗುವದೆಂದು ಸ್ಥಾಪಿಸಿತು. 1962ರಲ್ಲಿ ಸರಕಾರವು ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. "ನಾವು ಕಡಲಿನ ಮೀನು ತಿನ್ನುವವರು, ನಮಗೆ ಥೈರಾಯಿಡ್ ಬಾರದು" ಎಂದು ಕುಂದಾಪುರ ಸೀಮೆಯಲ್ಲಿ ಕೆಲವರು ಹೇಳುವದುಂಟು. ಈ ಭರವಸೆಯು ಸರಿಯಲ್ಲ. ಉಪ್ಪಿನಲ್ಲಿ ಅಯೋಡಿನ್ ಬೆರೆತ ಈ ಕಾಲದಲ್ಲಿ ರೋಗದ ಮುಖ್ಯ ಕಾರಣವು ಅಯೋಡಿನಿನ ಕೊರತೆಯಲ್ಲ. ಶರೀರದ ರಕ್ಷಣಾಶಕ್ತಿಯು ತಪ್ಪು ತಿಳಿದು ತನ್ನ ಗ್ರಂಥಿಯನ್ನೇ ಹಾಳುಮಾಡುವದು. ಜಪಾನಿನ ಹಾಷಿಮೊಟೊ ಎಂಬ ವೈದ್ಯರು ಇದನ್ನು 1912ರಲ್ಲಿ ವರ್ಣಿಸಿದದರಿಂದ ಅವರ ಹೆಸರಿನಿಂದಲೇ ಇದು ಕರೆಯಲ್ಪಡುತ್ತದೆ. ಇದು ಪುರುಷರಿಗಿಂತ ಸ್ತ್ರೀಯರಿಗೆ ಎಷ್ಟೋ ಪಾಲು ಹೆಚ್ಚು. ನಮ್ಮ ದೇಶದ ಎಂಟು ನಗರಗಳ ಪ್ರಾಯಸ್ಥರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ ಸುಮಾರು 11 ಮಂದಿಯಲ್ಲಿ ಥೈರಾಯಿಡಿನ ಕೊರತೆ ಇತ್ತು. ಆದಾಗ್ಯೂ ಅಯೋಡಿನ್ ಬೆರೆತ ಉಪ್ಪನ್ನು ಬಿಡಬಾರದು. ಈಚೆಗೆ ಆರೋಗ್ಯದ ಹೆಸರಿನಲ್ಲಿ ಕಲ್ಲುಪ್ಪನ್ನೂ ಸೈಂಧವ ಲವಣವನ್ನೂ ಬಳಸುವ ಮನೆಗಳು ಹೆಚ್ಚಿವೆ. ಅವುಗಳಲ್ಲಿ ಬಹಳಷ್ಟಕ್ಕೆ ಅಯೋಡಿನ್ ಬೆರಸಿರುವದಿಲ್ಲ ಎಂಬದನ್ನು ತಾಯಂದಿರು ನೆನಪಿನಲ್ಲಿಡತಕ್ಕದ್ದು.

ಇನ್ನು ತೂಕದ ಮಾತಿಗೆ ಬರೋಣ. ಈ ವಿಷಯದಲ್ಲಿ ಎರಡು ಸುಳ್ಳುಗಳು ನಮ್ಮ ನಡುವೆ ಓಡಾಡುತ್ತಿವೆ. "ರೋಗವೆಂಬದು ನೆಪ, ಅವಳು ಬಾಯಿ ಕಟ್ಟಲಾರಳು" ಎಂಬದು ಒಂದು. "ಎಲ್ಲವೂ ಥೈರಾಯಿಡಿನಿಂದ, ನಾನು ಏನು ಮಾಡಿದರೂ ಫಲವಿಲ್ಲ" ಎಂಬದು ಇನ್ನೊಂದು. ಮೊದಲನೆಯದನ್ನು ನೆರೆಯವರು ಹೇಳುತ್ತಾರೆ. ಎರಡನೆಯದನ್ನು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ನಿಜಸ್ಥಿತಿಯು ಇವೆರಡರ ಮಧ್ಯದಲ್ಲಿದೆ. ಗ್ರಂಥಿಯ ಕೊರತೆಯಿಂದಲೇ ಏರುವ ತೂಕವು ಸಾಧಾರಣವಾಗಿ ಎರಡರಿಂದ ಐದು ಕಿಲೋ ಮಾತ್ರ. ರೋಗವು ಬಹಳ ಬಲಿತಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಅದರಲ್ಲಿಯೂ ಬಹುಭಾಗವು ಕೊಬ್ಬಲ್ಲ, ಶರೀರದಲ್ಲಿ ನಿಂತ ಉಪ್ಪು ಮತ್ತು ನೀರು. ಗುಳಿಗೆಯು ಸರಿಯಾದ ಪ್ರಮಾಣಕ್ಕೆ ಬಂದ ಮೇಲೆ ಈ ಭಾಗವು ಮೆಲ್ಲಗೆ ಇಳಿಯುವದು. ಹದಿನೈದು ಇಪ್ಪತ್ತು ಕಿಲೋ ಏರಿದ್ದರೆ ಉಳಿದದ್ದಕ್ಕೆ ಬೇರೆ ಕಾರಣಗಳನ್ನು ಹುಡುಕಬೇಕು. ನಾವು ಈ ಮಾತನ್ನು ವೈದ್ಯೆಯ ಬಾಯಿಂದ ಕೇಳಿದಾಗ ನಮಗೆ ಕೋಪ ಬಂದಿತ್ತು. ಆಮೇಲೆ ಅದರಲ್ಲಿ ಆಶೆಯೂ ಅಡಗಿದೆಯೆಂದು ತಿಳಿಯಿತು. ಯಾಕಂದರೆ ಗ್ರಂಥಿಯಿಂದಲ್ಲದ ಭಾರವು ನಮ್ಮ ಪ್ರಯತ್ನಕ್ಕೆ ಸಿಕ್ಕುವಂಥದು.

ಮೊದಲು ಗುಳಿಗೆಯ ಶಿಸ್ತು. ಲೆವೊಥೈರಾಕ್ಸಿನ್ ಗುಳಿಗೆಯನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರ ನುಂಗಿ, ಅರ್ಧದಿಂದ ಒಂದು ಗಂಟೆಯ ವರೆಗೆ ಬೇರೆ ಏನನ್ನೂ ಸೇವಿಸಬಾರದು. ನಮ್ಮ ಸೀಮೆಯಲ್ಲಿ ಕಣ್ಣು ಬಿಡುತ್ತಲೇ ಕಾಪಿ ಬೇಕು; ಆ ಕಾಪಿಯೊಡನೆ ಗುಳಿಗೆ ನುಂಗಿದರೆ ಔಷಧದ ಒಂದಂಶ ವ್ಯರ್ಥವಾಗುವದು. ಕಬ್ಬಿಣದ ಮತ್ತು ಸುಣ್ಣದ ಗುಳಿಗೆಗಳನ್ನು ನಾಲ್ಕು ಗಂಟೆಗಳ ಅಂತರವಿಟ್ಟು ತೆಗೆದುಕೊಳ್ಳಬೇಕು. ಹಾಲಾಡಿಯ ಮಳೆಗಾಲದಲ್ಲಿ ಗೋಡೆಯೇ ಬೆವರುವದಾದದರಿಂದ ಗುಳಿಗೆಗಳನ್ನು ಅವು ಬಂದ ಶೀಶೆಯಲ್ಲಿಯೇ ಬಿಗಿಯಾಗಿ ಮುಚ್ಚಿ ತೇವವಿಲ್ಲದ ಸ್ಥಳದಲ್ಲಿಡಬೇಕು. ಪ್ರಮಾಣವನ್ನು ಬದಲಿಸಿದರೆ ಆರರಿಂದ ಎಂಟು ವಾರಗಳ ತರುವಾಯ ರಕ್ತಪರೀಕ್ಷೆ ಮಾಡಿಸಬೇಕು. ಅದಕ್ಕೆ ಮೊದಲು ಫಲವನ್ನು ನಿರ್ಣಯಿಸಲಾಗದು. ಕೂದಲಿಗಾಗಿ ಬಯೋಟಿನ್ ಸೇವಿಸುವವರು ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು. ಅದು ಪರೀಕ್ಷೆಯ ಅಂಕೆಗಳನ್ನು ತಪ್ಪಿಸಬಲ್ಲದು. ಬೇಗನೆ ಸಪೂರವಾಗುವ ಆಶೆಯಿಂದ ಒಂದಕ್ಕೆ ಎರಡು ಗುಳಿಗೆ ನುಂಗುವವರನ್ನೂ ನಾವು ಕಂಡಿದ್ದೇವೆ. ಇದು ದೊಡ್ಡ ಅಪಾಯ. ಹೆಚ್ಚಾದ ಥೈರಾಕ್ಸಿನ್ ಹೃದಯದ ಬಡಿತವನ್ನು ತಾಳತಪ್ಪಿಸುವದು, ಎಲುಬುಗಳನ್ನು ಸವೆಸುವದು. ಈ ಗುಳಿಗೆಯು ಕೊರತೆಯನ್ನು ತುಂಬುವದಕ್ಕೆ ಇರುವದೇ ಹೊರತು ಕೊಬ್ಬನ್ನು ಕರಗಿಸುವದಕ್ಕಲ್ಲ.

ಎರಡನೆಯದು ಊಟ. ಕೋಸು, ಮೂಲಂಗಿ ಇತ್ಯಾದಿಗಳನ್ನು ಮುಟ್ಟಲೇಬಾರದೆಂಬ ಭಯವು ಅನಾವಶ್ಯಕ. ಬೇಯಿಸಿ ಮಿತವಾಗಿ ತಿಂದರೆ ಬಾಧಕವಿಲ್ಲ. ಊಟವನ್ನೇ ಬಿಟ್ಟು ಉಪವಾಸ ಬೀಳುವದೂ ಬುದ್ಧಿಯ ಕೆಲಸವಲ್ಲ. ಕೊಬ್ಬಿನ ಸಂಗಡ ಸ್ನಾಯುವೂ ಕರಗಿ, ನಿಶ್ಶಕ್ತಿ ಹೆಚ್ಚಿ, ತರುವಾಯ ತೂಕವು ಮರಳಿ ಬರುವದು. ನಮ್ಮ ಕುಚ್ಚಲಕ್ಕಿ ಅನ್ನವನ್ನಾಗಲಿ ತೆಂಗಿನಕಾಯಿಯನ್ನಾಗಲಿ ನಾವು ದೂಷಿಸುವದಿಲ್ಲ. ಅಳತೆಯನ್ನು ಮಾತ್ರ ವಿಚಾರಿಸಬೇಕೆನ್ನುತ್ತೇವೆ. 100 ಗ್ರಾಮು ಬೆಂದ ಅನ್ನದಲ್ಲಿ ಸುಮಾರು 130 ಕ್ಯಾಲರಿ, ಅಷ್ಟೇ ತೂಕದ ತೆಂಗಿನ ತುರಿಯಲ್ಲಿ ಸುಮಾರು 350, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120. ಹೊತ್ತಿಗೆ ಎರಡು ಚಮಚದಂತೆ ದಿನಕ್ಕೆ ಐದು ಸಾರಿ ಸಕ್ಕರೆ ಹಾಕಿದ ಚಾ ಕುಡಿದರೆ ಸಕ್ಕರೆಯೊಂದರಿಂದಲೇ 200 ಕ್ಯಾಲರಿ ಸೇರುವದು. ನಾವು ಮೊದಲು ತಗ್ಗಿಸಿದ್ದು ಈ ಸಕ್ಕರೆಯನ್ನು. ಆಮೇಲೆ ಅನ್ನದ ಸೌಟುಗಳಲ್ಲಿ ಒಂದನ್ನು ತೆಗೆದು ಅದರ ಸ್ಥಳಕ್ಕೆ ಬಸಳೆಯನ್ನೋ ಹೆಸರುಕಾಳನ್ನೋ ಇಟ್ಟೆವು. ಹುರಿದ ಮೀನಿನ ಬದಲು ಸಾರಿನ ಮೀನನ್ನು ಉಂಡೆವು. ಇದರಲ್ಲಿ ಅಂಗಡಿಯಿಂದ ತರಬೇಕಾದ ಪುಡಿಯೂ ಇಲ್ಲ, ಪಾನೀಯವೂ ಇಲ್ಲ.

ಮೂರನೆಯದು ದುಡಿಮೆ. ನಮ್ಮ ಅಜ್ಜಿಯರು ಒನಕೆ ಹಿಡಿದು ಭತ್ತ ಕುಟ್ಟಿದರು, ಮಂಡಿಯ ವರೆಗಿನ ಕೆಸರಿನಲ್ಲಿ ನೇಜಿ ನೆಟ್ಟರು, ಬಾವಿಯಿಂದ ನೀರು ಸೇದಿದರು. ಈಗ ಭತ್ತಕ್ಕೆ ಗಿರಣಿ, ಗದ್ದೆಗೆ ಯಂತ್ರ, ನೀರಿಗೆ ಪಂಪು ಬಂದಿವೆ. ಆ ಪ್ರಯಾಸವು ತಿರುಗಿ ಬರಲೆಂದು ನಾವು ಹಾರೈಸುವದಿಲ್ಲ. ಅದರಿಂದ ಬಾಗಿದ ಬೆನ್ನುಗಳನ್ನು ನಾವು ನೋಡಿದ್ದೇವೆ. ಆದರೆ ದುಡಿಮೆ ಹೋಗಿ ಊಟದ ಅಳತೆ ಮಾತ್ರ ಉಳಿದರೆ ಲೆಕ್ಕ ತಪ್ಪುವದಷ್ಟೆ. ವಾರಕ್ಕೆ 150 ನಿಮಿಷಗಳಾದರೂ ಚುರುಕಾಗಿ ನಡೆಯಬೇಕೆಂದು ಲೋಕದ ಆರೋಗ್ಯ ಸಂಸ್ಥೆಯು ಹೇಳುತ್ತದೆ. ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮವೂ ಬೇಕು. ಹಾಲಾಡಿಯ ಹೊಳೆಯ ಬದಿಯ ದಾರಿಯಲ್ಲಿ ನಾವು ನಡೆಯತೊಡಗಿದಾಗ, "ಯಾವ ಮನೆಗೆ ಹೊರಟದ್ದು?" ಎಂದು ಕೇಳದವರಿಲ್ಲ. ಸ್ತ್ರೀಯೊಬ್ಬಳು ಯಾವ ಮನೆಗೂ ಹೊರಡದೆ ಸುಮ್ಮನೆ ನಡೆಯುವದು ಊರಿಗೆ ವಿಚಿತ್ರವಾಗಿ ಕಂಡಿತು. ಮೂರು ತಿಂಗಳಾಗುವಷ್ಟರಲ್ಲಿ ನಮ್ಮ ಸಂಗಡ ಇನ್ನು ನಾಲ್ವರು ಸೇರಿದರು. ಪ್ರಶ್ನೆಯು ತಾನಾಗಿ ನಿಂತಿತು.

ಹೀಗೆ ಮಾಡಿ ನಾವು ಒಂದು ವರುಷದಲ್ಲಿ ಆರು ಕಿಲೋ ಇಳಿದೆವು. ಇದನ್ನು ಕೇಳಿ ಕೆಲವರಿಗೆ ನಗೆ ಬರಬಹುದು. ಒಂದು ತಿಂಗಳಲ್ಲಿ ಹತ್ತು ಕಿಲೋ ಇಳಿಸುವೆವೆಂಬ ಜಾಹೀರಾತುಗಳು ಬೀದಿಬೀದಿಯಲ್ಲಿರುವ ಕಾಲವಿದು. ಆದರೆ ಆ ಆರು ಕಿಲೋ ತಿರುಗಿ ಬರಲಿಲ್ಲ. ಮೆಟ್ಟಲು ಹತ್ತುವಾಗ ಏದುಸಿರು ಇಲ್ಲ, ಮಂಡಿಯ ನೋವು ತಗ್ಗಿದೆ, ಕಂಠವೂ ಒಂದಿಷ್ಟು ತಿರುಗಿ ಬಂದಿದೆ. ಈಚೆಗೆ ತೂಕವನ್ನಿಳಿಸುವ ಚುಚ್ಚುಮದ್ದುಗಳೂ ಬಂದಿವೆ. ವೈದ್ಯರು ವಿಹಿತವೆಂದು ಕೊಟ್ಟವರಿಗೆ ಅವು ಉಪಯುಕ್ತವಾಗಬಹುದು. ಆದರೆ ಥೈರಾಯಿಡಿನ ಒಂದು ಜಾತಿಯ ಕ್ಯಾನ್ಸರ್ ಕುಟುಂಬದಲ್ಲಿದ್ದವರಿಗೂ ಗರ್ಭಿಣಿಯರಿಗೂ ಅವು ಸಲ್ಲವು. ನೆರೆಯವರ ಮಾತು ಕೇಳಿ ಕೊಳ್ಳತಕ್ಕ ವಸ್ತು ಅವಲ್ಲ.

ಬಾಲಿಕೆಯರ ತಂದೆತಾಯಂದಿರಿಗೆ ಒಂದೆರಡು ಮಾತುಗಳನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಹೈಸ್ಕೂಲಿನ ಪ್ರಾಯದಲ್ಲಿ ತೂಕ ಏರಿ, ಮಾಸಿಕ ಧರ್ಮವು ಕ್ರಮತಪ್ಪಿ, ಮುಖದಲ್ಲಿ ಕೂದಲು ಕಾಣಿಸಿದರೆ ಅದು ಪಿ.ಸಿ.ಓ.ಎಸ್. ಎಂಬ ಅಂಡಾಶಯಕ್ಕೆ ಸಂಬಂಧಪಟ್ಟ ತೊಂದರೆಯಾಗಿರಬಹುದು. 1935ರಲ್ಲಿಯೇ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು ವರ್ಣಿಸಿದ್ದರು. ಇದರಲ್ಲಿ ಇನ್ಸುಲಿನ್ ರಸವು ಸರಿಯಾಗಿ ನಾಟದೆ ಹೋಗುವದರಿಂದ ತೂಕ ಇಳಿಸುವದು ಇತರರಿಗಿಂತ ಕಷ್ಟ. ಆದರೆ ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿದರೂ ಅನೇಕರಲ್ಲಿ ಮಾಸಿಕ ಕ್ರಮವು ಸುಧಾರಿಸುವದು. ಇಂಥ ಹುಡುಗಿಗೆ ಬೈಗಳವು ಔಷಧವಲ್ಲ. ಪರೀಕ್ಷೆ ಹತ್ತಿರವಾಯಿತೆಂದು ಅವಳ ಆಟವನ್ನು ನಿಲ್ಲಿಸುವದು, ದೊಡ್ಡವಳಾದಳೆಂದು ಸೈಕಲನ್ನು ಕಸಿಯುವದು, ಆಮೇಲೆ ದಪ್ಪವಾದಳೆಂದು ಮೂದಲಿಸುವದು, ಇದು ಯಾವ ನ್ಯಾಯ? ಆಟದ ಬಯಲು ಹುಡುಗಿಯರಿಗೆ ಪಾಠದ ಕೋಣೆಯಷ್ಟೇ ಅವಶ್ಯವೆಂದು ನಮ್ಮ ಶಾಲೆಯಲ್ಲಿ ನಾವು ಕಲಿತೆವು. ಮನೆಯಲ್ಲಿ ಅದನ್ನು ಮರೆಯಬಾರದು.

ಇದಕ್ಕಿಂತಲೂ ಗುರುತರವಾದ ಸಂಗತಿ ಇನ್ನೊಂದಿದೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಮಗಳಿಗೆ ಥೈರಾಯಿಡಿನ ಕೊರತೆಯಿತ್ತು. ಸಂಬಂಧ ನೋಡತೊಡಗಿದಾಗ ಗುಳಿಗೆಯ ಶೀಶೆಯು ಅಕ್ಕಿಯ ಡಬ್ಬಿಯ ಹಿಂದೆ ಸೇರಿತು. ಮದುವೆಯಾಗಿ ಗಂಡನ ಮನೆಗೆ ಹೋದ ಹುಡುಗಿಯು, ಕಂಡರೆ ಏನೆನ್ನುವರೋ ಎಂದು ಗುಳಿಗೆಯನ್ನೇ ಬಿಟ್ಟಳು. ನಾಲ್ಕು ತಿಂಗಳಲ್ಲಿ ಗರ್ಭವತಿಯಾದಳು. ಆ ಗರ್ಭವು ನಿಲ್ಲಲಿಲ್ಲ. ಗುಳಿಗೆ ಬಿಟ್ಟದ್ದೇ ಅದಕ್ಕೆ ಕಾರಣವೆಂದು ನಾವು ತೀರ್ಪು ಕೊಡಲಾರೆವು. ಗರ್ಭಗಳು ಅನೇಕ ಕಾರಣಗಳಿಂದ ಇಳಿಯುತ್ತವೆ. ಆದರೆ "ಮೊದಲು ಯಾವ ಔಷಧ ತೆಗೆದುಕೊಳ್ಳುತ್ತಿದ್ದಳು?" ಎಂದು ವೈದ್ಯೆಯು ಕೇಳಿದಾಗ ಆ ತಾಯಿಯು ತಲೆ ತಗ್ಗಿಸಿ ನಿಂತದ್ದನ್ನು ನಾವು ಮರೆಯಲಾರೆವು. ಗರ್ಭದ ಮೊದಲಿನ ತಿಂಗಳುಗಳಲ್ಲಿ ಶಿಶುವಿಗೆ ಸ್ವಂತ ಥೈರಾಕ್ಸಿನ್ ಇರುವದಿಲ್ಲ. ಅದರ ಮೆದುಳು ಬೆಳೆಯುವದು ತಾಯಿಯ ರಸದಿಂದಲೇ. ಆಗ ಗುಳಿಗೆಯ ಅವಶ್ಯಕತೆಯು ಸಾಧಾರಣವಾಗಿ ನೂರಕ್ಕೆ ಇಪ್ಪತ್ತೈದರಿಂದ ಐವತ್ತರಷ್ಟು ಹೆಚ್ಚುವದು. ಹೆಚ್ಚಬೇಕಾದ ಕಾಲದಲ್ಲಿಯೇ ಅದನ್ನು ಅಡಗಿಸಿಡುವದು ಎಂಥ ದುರಂತ! ಕನ್ನಡಕವನ್ನು ನಾವು ಅಡಗಿಸುವದಿಲ್ಲ. ಈ ಗುಳಿಗೆಯನ್ನು ಏಕೆ ಅಡಗಿಸಬೇಕು? ಗುಳಿಗೆಯನ್ನು ಕಂಡು ಹಿಂದೆಗೆಯುವ ಸಂಬಂಧವು ನಮ್ಮ ಮಗಳಿಗೆ ತಕ್ಕದ್ದಲ್ಲವೆಂದು ಹೇಳುವ ಧೈರ್ಯವು ತಂದೆತಾಯಂದಿರಿಗೆ ಬರಬೇಕು. ಗಂಡು ಮಕ್ಕಳ ತಾಯಂದಿರಾದ ಪೂರ್ವ ವಿದ್ಯಾರ್ಥಿನಿಯರೂ ನಮ್ಮಲ್ಲಿ ಬಹಳ ಮಂದಿಯುಂಟು. ಈ ಮಾತು ಅವರಿಗೂ ಸಲ್ಲುವದು.

ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ವೈದ್ಯೆ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಚಿಕಿತ್ಸಾಲಯವನ್ನು ತೆರೆದರು. ಪುರುಷವೈದ್ಯರ ಮುಂದೆ ಬಾಯಿಬಿಡಲಾರದ ಸ್ತ್ರೀಯರು ಆಗ ಎಷ್ಟೋ ಮಂದಿ. ಈಗ ನೂರು ವರ್ಷಗಳು ಸಂದಿವೆ. ಪ್ರಯೋಗಾಲಯಗಳು ಕುಂದಾಪುರದಲ್ಲಿಯೂ ಇವೆ, ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಯಿದೆ, ರಕ್ತಪರೀಕ್ಷೆಯು ಒಂದು ಸೂಜಿಯ ಕೆಲಸ. ಹೀಗಿದ್ದೂ ನಾವು ಬಾಯಿಬಿಡದೆ ಕುಳಿತರೆ ತಪ್ಪು ಯಾರದು?

ಹಾಗಾದರೆ ನಮ್ಮ ಅಭಿಪ್ರಾಯವು ಇಷ್ಟೇ. ಕಾರಣವಿಲ್ಲದೆ ದಣಿಯುವ, ಊದುವ, ಚಳಿಗೊಳ್ಳುವ ಸ್ತ್ರೀಯನ್ನು ದೂಷಿಸುವದಕ್ಕೆ ಮೊದಲು ಪರೀಕ್ಷೆ ಮಾಡಿಸಿರಿ. ರೋಗವಿದ್ದರೆ ಗುಳಿಗೆಯನ್ನು ತಪ್ಪದೆ, ಅಡಗಿಸದೆ ಸೇವಿಸಲಿ. ಉಳಿದ ಭಾರಕ್ಕೆ ಊಟದ ಅಳತೆಯೂ ನಡಿಗೆಯೂ ಬೇಕು. ಅದಕ್ಕೆ ಮನೆಯವರ ಸಹಾಯವೂ ಬೇಕು, ಯಾಕಂದರೆ ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ಹಾಳಾಗಬಾರದೆಂದು ಉಣ್ಣುವವಳು ಅವಳೇ. ಇಷ್ಟೆಲ್ಲ ಮಾಡಿಯೂ ಕಡಿಮೆಯಾಗದವರಿದ್ದಾರೆ, ಅವರು ಸೋತವರಲ್ಲ. ತಕ್ಕಡಿಯು ತೂಕವನ್ನು ಹೇಳುವದಲ್ಲದೆ ಯೋಗ್ಯತೆಯನ್ನು ಹೇಳುವದಿಲ್ಲ.

ಮುಂದಿನ ಕೂಟಕ್ಕೆ ನಮ್ಮ ಪಕ್ಕದಲ್ಲಿ ಕುಳಿತಿದ್ದ ಆ ಸಹಪಾಠಿಯನ್ನು ಕರೆದುಕೊಂಡು ಬರುವೆವು. ಸಹೋದರಿಯರೇ, ಬಾಗಲಲ್ಲಿ ಅವಳನ್ನು ಕಂಡ ಕೂಡಲೇ ದಯಮಾಡಿ ಅವಳ ಮೈಯನ್ನು ಅಳೆಯಬೇಡಿರಿ. "ಬಂದೆಯಲ್ಲ, ಸಂತೋಷವಾಯಿತು, ಆರೋಗ್ಯವೇ?" ಎಂದು ಕೇಳಿರಿ. ಅವಳು ಉತ್ತರ ಕೊಡುವಳು. ಆ ಉತ್ತರವನ್ನು ಕೇಳುವ ತಾಳ್ಮೆಯು ನಮಗಿರಲಿ.